ಅರ್ಜಿಯಲ್ಲಿ ಬರೆಯದೆ ಬಿಟ್ಟ ತಂಗಿ

ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು. ಕರಾಚಿಯಿಂದ ಇಲ್ಲಿಯತನಕ ಬಂದ, ಎಂಬತ್ತು ದಾಟಿದ ಮದಿಹಾ ಅವರಿಗೆ ಆ ಒಂದು ತಾಸಿನ ದಾರಿಯನ್ನು ನೀವು ಮುಚ್ಚಿದ್ದೀರಿ. ವೀಸಾದಲ್ಲಿ ಕಲಬುರಗಿ ಎಂದಷ್ಟೇ ಇದೆಯಂತೆ. ಕೋಲೂರಿಕೊಂಡು ನಡೆಯುವ ಮುದುಕಿಯಿಂದ ದೇಶಕ್ಕೆ ಒದಗಲಿದ್ದ ಗಂಡಾಂತರವನ್ನು ಎಷ್ಟು ಬೇಗ ಪತ್ತೆ ಹಚ್ಚಿದಿರಿ! ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗಲಾಟೆಯಲ್ಲಿ, ಎಂಟು ವರ್ಷದ ಹುಡುಗಿಯಾಗಿ ಕಮಲಾಪುರ ಬಿಟ್ಟು ಓಡುವಾಗ ಅವರು ಯಾರ ಪರವಾನಗಿ ಕೇಳಬೇಕಿತ್ತು? ಅಂದು ಕೈತಪ್ಪಿದ ನಾಲ್ಕು ವರ್ಷದ ತಂಗಿಯನ್ನು ಹುಡುಕಿಕೊಂಡು ಬಂದಿದ್ದಾರೆ. ಶುಕ್ರವಾರ ವೀಸಾ ಮುಗಿಯುತ್ತದೆ.

ಇಷ್ಟಕ್ಕೇ ಸಹಿ ಹಾಕಿದ್ದರೆ ನನಗೆ ಒಳ್ಳೆಯ ಹೆಸರು ಬರುತ್ತಿತ್ತು. ಆದರೆ ನೀವು ತಿರಸ್ಕರಿಸಿದ ಅರ್ಜಿ ಬರೆದವನು ನಾನೇ. ನಿವೃತ್ತ ಹೆಡ್‌ಮಾಸ್ತರನೆಂದು ಸೇಡಂ ರಸ್ತೆಯ ನಮ್ಮ ಓಣಿಯವರೆಲ್ಲ ಅರ್ಜಿ ಬರೆಸಲು ನನ್ನ ಬಳಿಗೇ ಬರುತ್ತಾರೆ. ನೆಹರು ಗಂಜ್ ಪೇಟೆಯ ಗೆಳೆಯ ಶಬ್ಬೀರ್ ತನ್ನ ಮನೆಗೆ ಬಂದ ಈ ಅತಿಥಿಯನ್ನೂ ಹಾಗೆಯೇ ಕರೆತಂದ. ಎಂಟು ವರ್ಷದ ಹುಡುಗಿಯ ಕನ್ನಡ ಅವರ ನಾಲಿಗೆಯಲ್ಲಿ ಇನ್ನೂ ಉಳಿದಿತ್ತು.

"ತಂಗಿ ಗುರುತು ಏನರ ಅದ ಏನ್ರೀ?" ಎಂದೆ.

"ಎಡಗೈಲೆ ರೊಟ್ಟಿ ಬಡೀತಿದ್ಳು ಬೇಟಾ. ಸಣ್ಣ ಸಣ್ಣ ರೊಟ್ಟಿ. ಅಮ್ಮಿ ಬೈದ್ರೂ ಕೇಳ್ತಿದ್ದಿಲ್ಲ."

ನನ್ನ ಪೆನ್ನು ನಿಂತಿತು. ನಮ್ಮವ್ವ ಬಂಡಮ್ಮ ಎಡಗೈಯಲ್ಲೇ ರೊಟ್ಟಿ ಬಡಿದು ನಮ್ಮನ್ನು ಸಾಕಿದವಳು. ಗಲಾಟೆಯ ವರ್ಷ ಕಮಲಾಪುರದ ಹೊಲದಲ್ಲಿ ಸಿಕ್ಕ ಕೂಸಿಗೆ ಅಜ್ಜ ಚಂದ್ರಶಾ ಲಿಂಗ ಕಟ್ಟಿಸಿ, ಬಂಡಮ್ಮನೆಂದು ಹೆಸರಿಟ್ಟು ಬೆಳೆಸಿದನೆಂಬುದು ಮನೆಯವರಿಗೆಲ್ಲ ಗೊತ್ತು; ಹೊರಗೆ ಯಾರೂ ಆಡುವುದಿಲ್ಲ. ನನ್ನ ಮಗಳು ಮಲ್ಲಿಕಾಳ ಮದುವೆ ನಿಶ್ಚಯವಾಗಿತ್ತು. ಬೀಗರು ಏನಂದಾರೋ ಎಂಬ ಅಂಜಿಕೆಯಲ್ಲಿ, "ತಂಗಿಯ ಭೇಟಿಗಾಗಿ" ಎಂದು ಬರೆಯಬೇಕಾದಲ್ಲಿ "ಊರು ನೋಡುವ ಸಲುವಾಗಿ" ಎಂದು ಬರೆದೆ. ಗೆಳೆಯನ ಬರಹವೆಂದು ಶಬ್ಬೀರ್ ಓದಿ ನೋಡಲಿಲ್ಲ; ಮದಿಹಾ ಅವರಿಗೆ ಕನ್ನಡ ಓದಲು ಬರದು, ನಂಬಿ ಸಹಿ ಹಾಕಿದರು. ನೀವು ತಿರಸ್ಕರಿಸಿದಾಗ ನನಗೆ ಹಾಯೆನಿಸಿತು. ಅಂದಿನಿಂದ ಅರ್ಜಿ ಬರೆಸಲು ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದೇನೆ.

ನಿನ್ನೆ ಕಮಲಾಪುರಕ್ಕೆ ಹೋಗಿ ಅವ್ವನ ಮುಂದೆ ಎಲ್ಲ ಹೇಳಿದೆ. ಸೊಂಟ ಮುರಿದು ತಮ್ಮ ರೇವಣನ ಮನೆಯಲ್ಲಿ ಮಲಗಿದ್ದಾಳೆ. ಡಾಕ್ಟರು ಅಲುಗಾಡಿಸಬೇಡಿ ಎಂದಿದ್ದಾರೆ, ಇಲ್ಲದಿದ್ದರೆ ಹೊತ್ತು ತರುತ್ತಿದ್ದೆ. ಬೈಯುತ್ತಾಳೆಂದು ಕಾದೆ.

"ಅಕ್ಕ ಇನ್ನಾ ಅದಾಳೇನೋ?" ಎಂದಳು. ಆಮೇಲೆ, "ನಿನ್ನ ಮನೀಗಿ ಬಂದಾಗ ಅಕಿಗಿ ಉಣ್ಣಾಕರ ಹಾಕಿದ್ಯೋ ಇಲ್ಲೋ?" ಎಂದಳು.

ಹಾಕಿರಲಿಲ್ಲ. ಚಹಾ ಕೊಟ್ಟು ಕಳಿಸಿದ್ದೆ.

ಸುಳ್ಳು ನನ್ನದು, ಶಿಕ್ಷೆ ಅವರಿಗೇಕೆ ಸ್ವಾಮಿ? ಇದನ್ನೇ ಹೊಸ ಅರ್ಜಿಯೆಂದು ತಿಳಿಯಿರಿ. ಉದ್ದೇಶ: ತಂಗಿಯ ಭೇಟಿ. ಬೇಕಿದ್ದರೆ ಜೊತೆಗೆ ಪೊಲೀಸರನ್ನೂ ಕಳಿಸಿ, ಆದರೆ ಗುರುವಾರದೊಳಗೆ ಪರವಾನಗಿ ಕೊಡಿ. ದೊಡ್ಡವ್ವನ ಮುಂದೆ ನಿಂತು ಹೇಳಲು ನನಗೆ ಮುಖವಿಲ್ಲ, ಶಬ್ಬೀರ್ ಈ ಪತ್ರದ ಪ್ರತಿಯನ್ನೇ ಓದಿ ಹೇಳಲಿ. ಒಂದು ಪ್ರತಿ ಬೀಗರಿಗೂ ಹೋಗಿದೆ. ಮಲ್ಲಿಕಾ ತಾನೇ ಅಂಚೆಗೆ ಹಾಕಿ ಬಂದಳು.

ಇಂತಿ,
ಸ್ವಂತ ದೊಡ್ಡವ್ವನನ್ನು ಬರೀ ಚಹಾ ಕುಡಿಸಿ ಕಳಿಸಿದ,
ಬಂಡಮ್ಮನ ಹಿರಿಯ ಮಗ
ಅಣವೀರಪ್ಪ