ಬೆಕ್ಕಿನ ಕಾಲಿಗೆ ಹೋದ ದುಡ್ಡು

ಕಿಲ್‌ಕೀ, ಕ್ಲೇರ್ ಕೌಂಟಿ
ಮಾರ್ಚ್ ೧೨, ಮಂಗಳವಾರ

ನನ್ನ ನೂಲಾ,

ಸೊಂಟದ ನೋವು ಹೇಗಿದೆ? ಹೊಲಿಗೆ ಬಿಚ್ಚುವಾಗ ತುಂಬಾ ಉರಿಯಿತೇ? ಸೂಪು ಸಪ್ಪೆ ಎಂದು ಅಲ್ಲಿಯ ನರ್ಸುಗಳ ಮೇಲೆ ರೇಗಬೇಡ, ನಿನ್ನ ಬಾಯಿ ನನಗೆ ಗೊತ್ತು. ದಿನಾ ಫೋನ್ ಮಾಡುವವನು ಇದೇನು ಕಾಗದ ಬರೆಯಲು ಕೂತ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ಆಡಿರುತ್ತೀಯ. ಇದನ್ನು ಮಾತ್ರ ನೀನು ಮಧ್ಯೆ ಬಾಯಿ ಹಾಕದೆ ಕೇಳಬೇಕು.

ನಮ್ಮ ಡ್ಯಾಂಡಿಯ ಹಿಂಗಾಲು ಮುರಿದಿದೆ. ಗಾಬರಿಯಾಗಬೇಡ, ಬದುಕಿದ್ದಾನೆ, ಈಗಲೂ ನನ್ನ ಪಕ್ಕದಲ್ಲೇ ಇದ್ದಾನೆ. ನಿನಗೆ ಆಪರೇಷನ್ ಆದ ಮಾರನೆಯ ದಿನ ಗೇಟಿನ ಮುಂದೆಯೇ ಹಾಲಿನ ಲಾರಿಗೆ ಸಿಕ್ಕಿಕೊಂಡ. ಕೋಟಿನಲ್ಲಿ ಸುತ್ತಿಕೊಂಡು ಪ್ರಾಣಿವೈದ್ಯರ ಬಳಿಗೆ ಓಡಿದೆ. ಅಲ್ಲಿಯ ಡಾಕ್ಟರ್ ಹುಡುಗಿ ಎಕ್ಸ್‌ರೇ ಹಿಡಿದು ತೋರಿಸಿದಳು, ತೊಡೆಯ ಮೂಳೆ ಎರಡು ತುಂಡಾಗಿತ್ತು. ಪ್ಲೇಟು, ಸ್ಕ್ರೂ, ಅರಿವಳಿಕೆ, ಅಲ್ಲೇ ಇಟ್ಟುಕೊಂಡು ನೋಡುವುದು ಎಲ್ಲ ಸೇರಿ ಎರಡು ಸಾವಿರದ ನಾನೂರು ಯೂರೋ. "ಅಷ್ಟು ಕಷ್ಟ ಆದ್ರೆ ಕಾಲು ತೆಗೆದುಬಿಡಬಹುದು, ಅದು ಕಡಿಮೆಗೆ ಆಗುತ್ತೆ. ಇಲ್ಲಾ, ನೋವಿಲ್ಲದ ಹಾಗೆ ಮಲಗಿಸಿಬಿಡೋದು. ನಿಧಾನಕ್ಕೆ ಯೋಚ್ನೆ ಮಾಡಿ" ಅಂದಳು. ನಿಧಾನಕ್ಕೆ ಯೋಚನೆ ಮಾಡುವ ಆಸಾಮಿಯೇ ನಾನು? ಪ್ಲೇಟೇ ಹಾಕಿ ಅಂದೆ.

ದುಡ್ಡು ಎಲ್ಲಿಂದ ಬಂತು ಎಂದು ನೀನು ಹುಬ್ಬು ಗಂಟಿಕ್ಕುವ ಮೊದಲೇ ಹೇಳಿಬಿಡುತ್ತೇನೆ. ನೀನು ಮನೆಗೆ ಬಂದ ಮೇಲೆ ನಿನ್ನ ಸ್ನಾನ, ಬಟ್ಟೆ ನೋಡಿಕೊಳ್ಳಲಿ ಎಂದು ಪಕ್ಕದ ಮನೆಯ ಬ್ರೀಜ್‌ಗಾಗಿ ತೆಗೆದಿಟ್ಟಿದ್ದೆಯಲ್ಲ, ಅದೇ ದುಡ್ಡು. ಪೂರ್ತಿ ಹೋಯಿತು. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನೀನು ಕೋಲೂರಿಕೊಂಡು ಮನೆಗೆ ಹೊರಟೇಬಿಡುತ್ತಿದ್ದೆ.

ಸುದ್ದಿ ಅದು ಹೇಗೋ ನಿನ್ನ ಅಕ್ಕನ ಕಿವಿಗೆ ಬಿತ್ತು. ಅಟ್ರಾಕ್ಟಾ ಫೋನ್ ಮಾಡಿದ್ದೇ ಶುರುಮಾಡಿದಳು. "ಏನಪ್ಪಾ ಮ್ಯಾಲಕಿ, ಪುಕ್ಕಟೆ ಸಿಗೋ ಬೆಕ್ಕಿಗೆ ಬೆಳ್ಳಿ ಕಾಲು ಹಾಕಿಸಿದ್ಯಂತೆ! ನನ್ನ ತಂಗೀನ ಯಾರು ನೋಡ್ಕೊಳ್ತಾರೆ? ನೀನಾ? ಒಂದು ಗಳಿಗೆ ಕುರ್ಚೀಲಿ ಕೂತು ಗೊತ್ತಾ ನಿಂಗೆ? ಶನಿವಾರ ಅವಳನ್ನ ಆಸ್ಪತ್ರೆಯಿಂದ ನಾನೇ ಗಾಲ್ವೇಗೆ, ನಮ್ಮನೆಗೆ ಕರ್ಕೊಂಡ್ ಹೋಗ್ತೀನಿ. ನೀನು ನಿನ್ನ ಬೆಕ್ಕನ್ನ ಎತ್ತಾಡ್ಸ್ಕೊಂಡಿರು." ನಿನಗೆ ಮಾತ್ರ, ಬ್ರೀಜ್‌ಗೆ ಪುರುಸೊತ್ತಿಲ್ಲ ಎಂದಷ್ಟೇ ಹೇಳಿದ್ದಾಳಂತೆ. ನೀನೂ ಹೂಂ ಅಂದೆಯಂತೆ. ನಾನು ಫೋನ್ ಕುಕ್ಕಿದೆ. ಆಮೇಲೆ ಅಡುಗೆಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದೆ. ಅವಳು ಅಂದದ್ದು ಸುಳ್ಳಲ್ಲವಲ್ಲ, ಅದೇ ಹೊಟ್ಟೆ ಉರಿಸಿದ್ದು.

ಆದರೆ ಈಗ ನಾನು ಕೂತಿದ್ದೇನೆ ನೂಲಾ. ಡ್ಯಾಂಡಿ ಆರು ವಾರ ಪಂಜರದಲ್ಲೇ ಇರಬೇಕು. ನೆಗೆಯಕೂಡದು, ಓಡಕೂಡದು. ಹೊಲಿಗೆ ನೆಕ್ಕದಿರಲೆಂದು ಕೊರಳಿಗೆ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಬೇರೆ. ನಾನು ಎದ್ದು ಹೋದರೆ ಸಾಕು, ಕಂಬಿಗೆ ತಲೆ ಗುದ್ದಿಕೊಂಡು ಬೀದಿಗೆಲ್ಲ ಕೇಳುವಂತೆ ಅರಚುತ್ತಾನೆ. ಪಕ್ಕದಲ್ಲಿ ಕೂತರೆ ತೆಪ್ಪಗೆ ಮಲಗುತ್ತಾನೆ. ಹಾಗಾಗಿ ಕೂತೇ ಇದ್ದೇನೆ. ಆಲೂಗಡ್ಡೆ ಹಾಕುವ ಕಾಲ, ತೋಟ ಅಗೆದಿಲ್ಲ, ಕಿಟಕಿಯಾಚೆ ನೋಡಿದಾಗೆಲ್ಲ ಕಾಲು ತುರಿಸುತ್ತದೆ, ಹುಚ್ಚು ಹಿಡಿಯುವುದೊಂದು ಬಾಕಿ. ಮೊದಲ ದಿನ ಮಾತ್ರೆಯನ್ನು ಬೆಣ್ಣೆಯಲ್ಲಿಟ್ಟು ಕೊಟ್ಟೆ. ಮಹಾರಾಯ ಬೆಣ್ಣೆ ನೆಕ್ಕಿ ಮಾತ್ರೆಯನ್ನು ನನ್ನ ಚಪ್ಪಲಿಗೆ ಉಗಿದ. ಈಗ ಮೀನಿನ ಚೂರಿನಲ್ಲಿ ಅಡಗಿಸಿದರೆ ನುಂಗುತ್ತಾನೆ. ಮರಳಿನ ತಟ್ಟೆಗೆ ಹೋಗಬೇಕೆಂದರೆ ಹೊಟ್ಟೆಯಡಿ ಟವೆಲ್ ಕೊಟ್ಟು ನಾನೇ ಎತ್ತಿ ನಿಲ್ಲಿಸಬೇಕು. ಮಕ್ಕಳಿಗೆ ಒಂದು ದಿನವೂ ಚಡ್ಡಿ ಬದಲಿಸದವನು ಎಂದು ನಗುತ್ತಿದ್ದೀಯ, ನಗು ನಗು. ಮೊನ್ನೆ ಬ್ರೀಜ್ ಕಿಟಕಿಯಲ್ಲಿ ಇಣುಕಿ, "ಅಯ್ಯೋ ದೇವ್ರೇ, ಮ್ಯಾಲಕಿ ಕೂತಿದ್ದಾನೆ! ಫಾದರ್‌ನ ಕರೀಲಾ?" ಅಂದಳು.

ನಿನ್ನೆ ಡ್ಯಾಂಡಿಯನ್ನು ತೋರಿಸಿಕೊಂಡು ಬಂದೆ. ಮೂಳೆ ಚೆನ್ನಾಗಿ ಕೂಡುತ್ತಿದೆಯಂತೆ. "ಯಾರು ಇಷ್ಟು ಚೆನ್ನಾಗಿ ನೋಡ್ಕೊಳ್ತಿರೋದು?" ಎಂದು ಆ ಹುಡುಗಿ ಕೇಳಿದಳು. ನಾನೇ ಅನ್ನುವ ಬದಲು ಅವನ ಕೊರಳಪಟ್ಟಿ ಸರಿಮಾಡತೊಡಗಿದೆ. ನಿನ್ನ ನೆನಪಾಗಿಬಿಟ್ಟಿತ್ತು.

ದೇವರು ನಿನ್ನನ್ನು ಕಾಯಲಿ. ಮೆಟ್ಟಿಲಿಳಿಯುವಾಗ ಕೋಲು ಬಿಡಬೇಡ. ಬ್ರೀಜ್ ನಿನ್ನನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ಎಂದಿಗೂ ನಿನ್ನವ,
ಮ್ಯಾಲಕಿ

ತಾ.ಕ.: ಅಂಚೆಯವನ ಗಾಡಿ ತಿರುವಿನಲ್ಲಿ ಕಾಣಿಸುತ್ತಿದೆ, ಬೇಗ ಹೇಳುತ್ತೇನೆ. ಗಾಲ್ವೇಗೆ ಹೋಗಬೇಡ. ಮಂಚ ಕೆಳಗಿನ ಕೋಣೆಗೆ ತಂದಿದ್ದೇನೆ. ಕುರ್ಚಿಗೆ ಮರದ ತುಂಡು ಕೊಟ್ಟು ಎತ್ತರಿಸಿದ್ದೇನೆ. ನಿನ್ನ ಆ ಬಿಗಿ ಕಾಲುಚೀಲ ಹಾಕುವುದನ್ನು ಬ್ರೀಜ್ ತನ್ನ ಕಾಲಿಗೇ ಹಾಕಿಸಿ ಕಲಿಸಿದ್ದಾಳೆ, ಎರಡು ಒದೆಯನ್ನೂ ಕೊಟ್ಟಿದ್ದಾಳೆ. ನೀನಿಲ್ಲದ ಮನೆ ನನಗೆ ಸಾಕಾಗಿಹೋಗಿದೆ. ಶನಿವಾರ ನಿನ್ನ ಅಕ್ಕ ಹನ್ನೊಂದಕ್ಕೆ ಬರುತ್ತಾಳಂತೆ. ನಾನು ಹತ್ತಕ್ಕೇ ಬಂದಿರುತ್ತೇನೆ. ಕೋಟು ಹಾಕಿಕೊಂಡೇ ಕೂತಿರು.