ಹೊಗೆಕೊಳವೆಯ ಇಳಿಜಾರು

ಜನವರಿ 2, ಬೆಳಿಗ್ಗೆ 6

ಮೈನಸ್ ಮೂವತ್ತನಾಲ್ಕು ಡಿಗ್ರಿ. ಗ್ಯಾರೇಜಿಗೆ ಈ ಚಳಿಗಾಲ ನಾನೇ ಕೂರಿಸಿದ ಹೊಸ ಹೀಟರ್ ಮತ್ತೆ ನಿಂತಿತ್ತು. ಏಣಿ ಹತ್ತಿದೆ. ಗೋಡೆಯಾಚೆ ಚಾಚಿದ ಹೊಗೆಕೊಳವೆಯ ಬಾಯಿಗೆ ಮೇಕೆಯ ಕೊಂಬಿನಂಥ ಮಂಜುಗಡ್ಡೆ. ಬಾಯಿ ಮುಚ್ಚಿದರೆ ಹೊಗೆ ಹೋಗದು, ಹೊಗೆ ಹೋಗದಿದ್ದರೆ ಹೀಟರ್ ತಾನೇ ಆರುತ್ತದೆ. ಹೆಂಡತಿ ಪಾವ್ಲೀನಾಳ ಹೇರ್ ಡ್ರೈಯರ್ ಹಿಡಿದು ಅರ್ಧ ಗಂಟೆ ನಿಂತೆ. ಸೊಂಟ ನನ್ನದಲ್ಲ ಅನ್ನಿಸುತ್ತಿದೆ.

ಒಳಗಿರುವುದು ನನ್ನ ಟ್ರಕ್ಕಾಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಇರುವುದು ಊರಿನ ಬೆಂಕಿ ಆರಿಸುವ ಟ್ಯಾಂಕರ್. ನವೆಂಬರಿನಲ್ಲಿ ಅದರ ಶೆಡ್ಡಿನ ಸೂರು ಹಿಮದ ಭಾರಕ್ಕೆ ಕುಸಿದಾಗ "ನನ್ನ ಗ್ಯಾರೇಜಲ್ಲಿ ನಿಲ್ಸಿ" ಎಂದವನು ನಾನೇ. ಐದು ಸಾವಿರ ಲೀಟರ್ ನೀರು. ಹೆಪ್ಪುಗಟ್ಟಿದರೆ ಪಂಪು ಸೀಳಿಹೋಗುತ್ತದೆ. ಇನ್ನೊಂದು ಟ್ಯಾಂಕರ್ ಯಾರ್ಕ್‌ಟನ್ ಪಟ್ಟಣದಿಂದ ಬರಬೇಕು, ಎಪ್ಪತ್ತು ಕಿಲೋಮೀಟರ್. ಅಷ್ಟರಲ್ಲಿ ಮನೆ ಬೂದಿ.

ಜನವರಿ 4, ಮಧ್ಯಾಹ್ನ

ನಾಲ್ಕು ಗಂಟೆಗೊಮ್ಮೆ ಏಣಿ. ಮಾರ್ಲಿಸ್ ಬಂದಿದ್ದಳು. ಶಾಲೆಯ ಬಸ್ಸು ಓಡಿಸುತ್ತಾಳೆ, ಟ್ಯಾಂಕರ್ ತಂಡಕ್ಕೂ ಅವಳೇ ಮುಖ್ಯಸ್ಥೆ.

"ನೆಸ್ಟರಜ್ಜ, ಹೀಟರ್ ಜೊತೆ ಒಂದು ಪುಸ್ತಕ ಬಂದಿತ್ತಲ್ಲ, ನೋಡಿದ್ರಾ?"

"ನಲವತ್ತು ವರ್ಷ ಹೀಟರ್ ಕೂರಿಸಿದೀನಿ. ನಿಮ್ಮಪ್ಪನ ಮನೆಗೂ ನಾನೇ. ಪುಸ್ತಕ ನೋಡ್ಕೊಂಡಲ್ಲ."

"ಅದು ಹಳೇದು ಅಜ್ಜ. ಇದು ಹೊಸದು."

"ನೀನೂ ಹೊಸಬಳೇ. ಸುಮ್ನೆ ಬಸ್ಸು ಓಡಿಸ್ಕೊಂಡಿರು."

ನಕ್ಕಳು. ನನಗೆ ನಗು ಬರಲಿಲ್ಲ.

ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಯಾಕೆಂದು ಪಾವ್ಲೀನಾಳಿಗೆ ಮಾತ್ರ ಗೊತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಈ ಡೈರಿಯಲ್ಲಿ ನನಗೆ ಬಂದಂತೆ ಬರೆಯುತ್ತೇನೆ. ಆ ಪುಸ್ತಕವನ್ನಾದರೆ ಅವರು ಬರೆದಂತೆ ಓದಬೇಕು.

ಜನವರಿ 6, ರಾತ್ರಿ 9

ಹಳೆಯ ಪಂಚಾಂಗದಂತೆ ನಮ್ಮ ಕ್ರಿಸ್ಮಸ್ ನಾಳೆ; ಇವತ್ತು ಅದರ ಹಿಂದಿನ ಸಂಜೆ. ಹನ್ನೆರಡು ಬಗೆ ಅಡುಗೆ. ಹನ್ನೆರಡೂ ಮುಗಿಯುವ ತನಕ ಮನೆಯೊಡತಿ ಬಿಟ್ಟು ಇನ್ಯಾರೂ ಮೇಜಿನಿಂದ ಏಳುವಂತಿಲ್ಲ. ಎದ್ದವರು ಮುಂದಿನ ವರ್ಷ ಈ ಮೇಜಿಗಿಲ್ಲ ಅನ್ನುತ್ತಾರೆ. ಹೋದ ವರ್ಷ ನಡುವೆ ಎದ್ದವನು ಪಾವ್ಲೀನಾಳ ಅಣ್ಣ. ಈ ವರ್ಷ ಅವನ ಖಾಲಿ ತಟ್ಟೆ, ಪಕ್ಕದಲ್ಲಿ ಮೇಣದಬತ್ತಿ.

ಐದಕ್ಕೆ ಕೊಳವೆಯ ಬಾಯಿ ಬಿಡಿಸಿ ಬಂದಿದ್ದೆ. ಗಾಳಿ ಜೋರಾಯಿತು, ಇನ್ನು ಒಂಬತ್ತರ ತನಕ ಅದು ತಡೆಯದು. ಏಳು ಹೊಡೆಯಿತು. ಕುರ್ಚಿ ಹಿಂದೆ ಸರಿಸಿದೆ.

"ಕೂತ್ಕೊ ಮುದುಕಾ," ಎಂದಳು ಪಾವ್ಲೀನಾ. ಕಣ್ಣು ಆ ತಟ್ಟೆಯ ಮೇಲೆ. "ಇವತ್ತೊಂದಿನ."

ಕೂತೆ. ಎಂಟನೇ ಅಡುಗೆ, ಒಂಬತ್ತನೇದು... ನನ್ನ ಕಣ್ಣು ಗಡಿಯಾರದ ಮೇಲೆ.

ಊಟಕ್ಕೆ ಕರೆದಿದ್ದ ಮಾರ್ಲಿಸ್ ಎದ್ದಳು. "ನಾನು ನಿಮ್ಮ ಪೈಕಿ ಅಲ್ವಲ್ಲ ಪಾವ್ಲೀನಜ್ಜಿ, ನಂಗಿದು ತಟ್ಟಲ್ಲ." ಹೋದಳು. ಬಂದಾಗ ಕೈಗವಸೆಲ್ಲ ಮಂಜು.

"ಹೀಟರ್ ನಿಂತಿತ್ತು. ಒಳಗೆ ಎರಡೇ ಡಿಗ್ರಿ. ಬಿಡಿಸಿ ಹಚ್ಚಿದೀನಿ. ಅಜ್ಜ, ರಸಮಟ್ಟ ಇಟ್ಟು ನೋಡ್ದೆ. ಕೊಳವೆ ಹೊರಗಡೆ ಇಳಿಜಾರಿದೆ. ಹೊಗೆಯಲ್ಲಿರೋ ಹಬೆ ನೀರಾಗಿ ಬಾಯಿಗೆ ಹರಿದು ಗಟ್ಟಿಯಾಗ್ತಿದೆ. ಒಳಗಡೆ ಇಳೀಬೇಕು ಅದು."

"ನೀರನ್ನ ಯಾರಾದ್ರೂ ಮನೆ ಒಳಗೆ ಬಿಟ್ಕೋತಾರೇನೇ?" ಚಮಚ ಕುಕ್ಕಿದೆ.

ಉಳಿದ ಮೂರು ಅಡುಗೆ ಬೇಗ ಬೇಗ ತಿಂದು ಮುಗಿಸಿದೆವು.

ಜನವರಿ 9, ಸಂಜೆ

ಎರಡು ದಿನ ಬರೆಯಲಿಲ್ಲ. ಸಿಟ್ಟು. ಏಣಿ ಮಾತ್ರ ತಪ್ಪಲಿಲ್ಲ. ಇವತ್ತು ಮೂರನೇ ಮೆಟ್ಟಿಲಿಂದ ಜಾರಿದೆ. ಹಿಮ ಆಳವಿತ್ತು, ಮೂಳೆ ಉಳಿಯಿತು. ಬಿದ್ದಲ್ಲೇ ಸ್ವಲ್ಪ ಹೊತ್ತು ಮಲಗಿದ್ದೆ. ಏಳಬೇಕು ಅನ್ನಿಸಲಿಲ್ಲ. ಮೇಲೆ ಕೊಳವೆಯ ತುದಿಯಿಂದ ಹನಿ ಹೊರಡುತ್ತಿತ್ತು, ಬೀಳುವ ಮೊದಲೇ ಗಟ್ಟಿಯಾಗಿ ಅಲ್ಲೇ ಅಂಟುತ್ತಿತ್ತು. ಕಣ್ಣಾರೆ ಕಂಡೆ.

ಚೀಲ ಹರಿದು ಪುಸ್ತಕವನ್ನು ಪಾವ್ಲೀನಾಳ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡಳು. ಏಳನೇ ಪುಟದಲ್ಲಿ ಚಿತ್ರ. ಬಾಣದ ಗುರುತು ಹೀಟರ್ ಕಡೆಗೆ.

"ಒಂದು ಅಡಿ ಉದ್ದಕ್ಕೆ ಕಾಲು ಇಂಚು ಇಳಿಜಾರು, ಹೀಟರ್ ಕಡೆಗೆ. ಕೆಳಗೆ ಬಕೆಟ್ಟೋ ಮೋರಿಯೋ ಇರ್ಬೇಕಂತೆ."

"ಇನ್ನೊಮ್ಮೆ ಓದು."

ಓದಿದಳು. ಹಳೆಯ ಹೀಟರಿನ ಹೊಗೆ ಸುಡುತ್ತಿತ್ತು, ಹಬೆ ನೀರಾಗದೆ ಹೊರಟುಹೋಗುತ್ತಿತ್ತು. ಇದರ ಹೊಗೆ ಉಗುರುಬೆಚ್ಚಗೆ, ನೀರೇ ನೀರು. ನಲವತ್ತು ವರ್ಷದ ಕೈ ಅಭ್ಯಾಸದಂತೆ ಹೊರಗೆ ಇಳಿಸಿದೆ. ತಪ್ಪು ನನ್ನದೇ.

ಜನವರಿ 10

ಮಾರ್ಲಿಸ್‌ಗೆ ಫೋನ್ ಮಾಡಿದೆ. "ಬಸ್ಸು ನಿಲ್ಸಿ ಬಾ. ನಂಗೆ ಇನ್ನು ಏಣಿ ಆಗಲ್ಲ."

ಸಂಜೆ ಅವಳು ಮೇಲೆ ರಸಮಟ್ಟ ಇಟ್ಟು, ನಾನು ಕೆಳಗೆ ಏಣಿ ಹಿಡಿದುಕೊಂಡು. ಕೊಳವೆಯ ಪಟ್ಟಿ ಸಡಿಲಿಸಿ ಹೊರತುದಿ ಎತ್ತಿ ಕಟ್ಟಿದೆವು, ಒಳಗೆ ಹೀಟರಿನ ಕೆಳಗೆ ಬಕೆಟ್ಟು ಇಟ್ಟೆವು.

"ಕೊನೆಗೂ ಪುಸ್ತಕ ಓದಿದ್ರಾ ಅಜ್ಜ?"

"ಪಾವ್ಲೀನಾ ಓದಿದ್ಳು. ನಂಗೆ ಅಷ್ಟು ಓದಕ್ಕೆ ಬರಲ್ಲ."

ಹೇಳಿಬಿಟ್ಟೆ. ಅವಳು ಕೈ ಕೆಳಗೆ ಚಾಚಿದಳು.

"ಅದನ್ನ ಬರೆದವನಿಗೂ ಬರೆಯಕ್ಕೆ ಬರಲ್ಲ ಬಿಡಿ," ಎಂದಳು. "ಸ್ಕ್ರೂ ಕೊಡಿ."

ಜನವರಿ 12, ಮಧ್ಯಾಹ್ನ 2

ಮೈನಸ್ ಮೂವತ್ತೆಂಟು. ಎರಡು ದಿನದಿಂದ ಏಣಿ ಮುಟ್ಟಿಲ್ಲ. ಕೊಳವೆಯ ಬಾಯಿ ಒಣಗಿದೆ, ಹಬೆ ನೆಟ್ಟಗೆ ಹೋಗುತ್ತಿದೆ. ಬಕೆಟ್ಟಿನಲ್ಲಿ ಟಪ್ ಟಪ್. ಬೆಳಿಗ್ಗೆ ಟ್ಯಾಂಕರಿನ ನಲ್ಲಿ ತಿರುಗಿಸಿ ನೋಡಿದೆ, ನೀರು ಬಂತು. ನಿನ್ನೆ ಹತ್ತು ಗಂಟೆ ಮಲಗಿದೆ, ಆಯಾಸ ಇನ್ನೂ ಹೋಗಿಲ್ಲ. ಎಂಟನೇ ಪುಟದಲ್ಲಿ ಗುಬ್ಬಚ್ಚಿ ಕೊಳವೆಗೆ ನುಗ್ಗದಂತೆ ಹಾಕುವ ಬಲೆಯ ವಿಷಯ ಇದೆಯಂತೆ, ಸಂಜೆ ಪಾವ್ಲೀನಾ ಓದಿ—

ಸೈರನ್. ಎರಡನೇ ಸಲ ಕೂಗುತ್ತಿದೆ, ಅಂದರೆ ಊರಲ್ಲಿ ಯಾರದೋ ಮನೆಗೇ ಬೆಂಕಿ. ಮಾರ್ಲಿಸ್ ಬರುವ ಮೊದಲು ಗ್ಯಾರೇಜಿನ ಬಾಗಿಲು ಎತ್ತಬೇಕು, ಟ್ಯಾಂಕರ್ ಹೊರಡಲಿ.