ಕಿಲಾರಿಯ ತೂರಾಟ

ಧರ್ಮಪುರ
೧೯ ಜನವರಿ ೨೦೨೫

ಪ್ರೀತಿಯ ಅಣ್ಣ ದುರ್ಗೇಶನಿಗೆ ತಂಗಿ ರೇಣುಕಾ ಮಾಡುವ ನಮಸ್ಕಾರಗಳು.

ನಾನು ಫೋನು ಎತ್ತುತ್ತಿಲ್ಲವೆಂದು ಅತ್ತಿಗೆ ಬೇಜಾರು ಮಾಡಿಕೊಂಡಿದ್ದಾಳಂತೆ. ಇಬ್ಬರೂ ಕ್ಷಮಿಸಿಬಿಡಿ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅತ್ತುಬಿಡುತ್ತೇನೆ. ಕಾಗದಕ್ಕೆ ಆ ಎರಡೂ ತೊಂದರೆಯಿಲ್ಲ. ಹೊಳಲ್ಕೆರೆಯಲ್ಲಿ ಮಕ್ಕಳೆಲ್ಲ ಚೆನ್ನಾಗಿದ್ದಾರೆಂದು ನಂಬಿದ್ದೇನೆ.

ನಿನ್ನ ಭಾವನನ್ನು ಚಿತ್ರದುರ್ಗದ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಬೆನ್ನಿನಿಂದ ನೀರು ತೆಗೆದು ನೋಡಿದ ಮೇಲೆ ಗೊತ್ತಾಯಿತು, ಟಿಬಿ ಅಂತ. ಎದೆಗಲ್ಲ, ಮಿದುಳಿನ ಪೊರೆಗೆ ಹತ್ತಿದ ಟಿಬಿ. ಆ ತಲೆನೋವು, ವಾಂತಿ, ತೊದಲು, ತೂರಾಟ ಎಲ್ಲ ಅದರದೇ ಕೆಲಸವಂತೆ. ವರ್ಷವಿಡೀ ಮಾತ್ರೆ ನುಂಗಬೇಕು. ಜೀವವೇನೋ ಉಳಿಯಿತು, ಕಣ್ಣು ಹೋದವು. "ಮೊದ್ಲೇ ಕರ್ಕಂಡು ಬಂದಿದ್ರೆ ಕಣ್ಣು ಉಳೀತಿದ್ವಮ್ಮ" ಎಂದರು ಅಲ್ಲಿಯ ಡಾಕ್ಟರು.

ಮೊದಲೇ ಕರೆದೊಯ್ದಿರಲಿಲ್ಲವೇ ಅಣ್ಣ? ದೀಪಾವಳಿಗೆ ಮುಂಚೆಯೇ ನಾನೂ ನೀನೂ ಆಚೀಚೆ ಹಿಡಿದುಕೊಂಡು ಹೋಗಿ ಹಿರಿಯೂರಿನ ಆ ಡಾಕ್ಟರ ಮುಂದೆ ಕೂರಿಸಿರಲಿಲ್ಲವೇ? ನಾನು ಎಳನೀರು ತರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿತ್ತು. "ಮೊದ್ಲು ಕುಡಿತ ಬಿಡ್ಸಮ್ಮ" ಎಂದ ಆ ಪುಣ್ಯಾತ್ಮ. "ಸ್ವಾಮಿ, ಇವ್ರು ದೇವ್ರ ಎತ್ತು ಕಾಯೋ ಕಿಲಾರಿ. ಹೆಂಡದ ವಾಸ್ನೆ ಬಂದ್ರೆ ಆ ದಾರೀನೇ ಬಿಡೋರು" ಎಂದೆ. "ಎಲ್ಲಾ ಹೆಂಗಸ್ರೂ ಹಿಂಗೇ ಹೇಳ್ತಾರೆ, ನಂಗೆಲ್ಲಾ ಗೊತ್ತಾಗಿದೆ" ಎಂದು ನಕ್ಕು, ಒಂದು ಬಾಟಲಿ ಗ್ಲೂಕೋಸ್ ಏರಿಸಿ ಕಳಿಸಿದ.

ಪಂಚೆಯ ಮಣ್ಣು ನೋಡಿ ರೋಗ ಗುರುತಿಸುವ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ! ಇಸ್ತ್ರಿ ಅಂಗಿಯವನು ತೂರಾಡಿದರೆ ತಲೆಸುತ್ತು, ಕಂಬಳಿ ಹೊದ್ದವನು ತೂರಾಡಿದರೆ ಹೆಂಡ. ಬಾಯಿ ಮೂಸಿ ನೋಡಿದ್ದರೂ ಸಾಕಿತ್ತು.

ಬಸ್ಸಿನಲ್ಲಿ ನಾವಾಡಿದ್ದನ್ನು ಕೇಳಿಸಿಕೊಂಡವರ ಬಾಯಿಂದ ಡಾಕ್ಟರ ಆ ಮಾತು ನಮ್ಮ ಹಿಂದೆಯೇ ಹಟ್ಟಿ ಸೇರಿತು. "ಕುಡ್ದೋನ ಕೈಗೆ ದೇವ್ರ ಎತ್ತು ಬ್ಯಾಡ" ಎಂದು ಹಟ್ಟಿಯ ಯಜಮಾನ ಜಂಬಣ್ಣ ಇವರ ಕೈಯಿಂದ ಕಿಲಾರಿ ಕೋಲು ಕಿತ್ತುಕೊಂಡ. ಈಗ ಟಿಬಿ ಎಂದು ಹೇಳಿದರೆ, "ಹಂಗಾರೆ ಹಿರಿಯೂರು ಡಾಕ್ಟ್ರು ಸುಳ್ಳೇಳಿದ್ರಾ?" ಎನ್ನುತ್ತಾನೆ. ಸಂಜೆ ಎತ್ತುಗಳು ಮನೆ ಮುಂದೆ ಹಾಯುವಾಗ ಇವರು ಗೋಡೆ ಹಿಡಿದು ಎದ್ದು ಕೈಮುಗಿಯುತ್ತಾರೆ. ಕೆಲವೊಮ್ಮೆ ಎತ್ತುಗಳು ಮುಂದೆ ಹೋಗಿಯಾಗಿರುತ್ತದೆ, ಇವರು ಇನ್ನೂ ನಿಂತೇ ಇರುತ್ತಾರೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಎಲ್ಲರೂ ತಣ್ಣಗಿರಿ.

ನಿನ್ನ ತಂಗಿ,
ರೇಣುಕಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಅವತ್ತು ನಾನು ಎಳನೀರಿಗೆ ಹೋದಾಗ, ಕುಡಿದಿದ್ದಾನಾ ಎಂದು ಆ ಹಿರಿಯೂರು ಡಾಕ್ಟರು ಕೇಳಿದ್ದಕ್ಕೆ "ಹೂಂ ಸಾ, ಕುಡಿದಿರ್ಬೇಕು" ಎಂದವನು ನೀನು. ತೂರಾಟ ಕಂಡು ನಿನಗೂ ಹಾಗನಿಸಿತೇನೋ. ಇವರ ನಾಲಿಗೆ ತೊದಲುತ್ತಿತ್ತೇ ಹೊರತು ಕಿವಿ ನೆಟ್ಟಗಿತ್ತು. ಆ ಕಾಯಿಲೆಯ ದಿನಗಳದ್ದೆಂದು ಇವರಿಗೆ ಉಳಿದಿರುವ ನೆನಪು ನಿನ್ನ ಆ ಮಾತೊಂದೇ. ಇವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ದಿನಾ ನನ್ನನ್ನು ಕೇಳುತ್ತಾರೆ: "ದುರ್ಗೇಶ ಸುಳ್ಳೇಳೋನಲ್ಲ. ಖರೇ ಹೇಳು ರೇಣುಕಾ, ನಾನು ಕುಡ್ದಿದ್ನಾ?"

ನಾನು ಇಲ್ಲ ಎಂದರೆ ನಂಬುತ್ತಿಲ್ಲ. ನೀನೇ ಬಂದು ಹೇಳು. ಜಂಬಣ್ಣನ ಎದುರಿಗೇ ಹೇಳು.